ಗೇಟಿನ ಪಕ್ಕದಲ್ಲಿ ನಾಲ್ಕು ಗಾಲಿ

ವೆಸ್ಟ್ ಆಫ್ ಕಾರ್ಡ್ ರೋಡ್ ಎಂದು ವಿಳಾಸ ಬರೆಯುವ ನಮ್ಮಂಥವರಿಗೆ ಒಂದು ಅನುಕೂಲವಿದೆ. ಮನೆಯಲ್ಲಿ ಏನೇ ಮುರಿಯಲಿ, ಸವೆಯಲಿ, ಸೊಟ್ಟಗಾಗಲಿ, ಅದನ್ನು ಸರಿಮಾಡುವವರು ಕೂಗಳತೆಯಲ್ಲಿ ಸಿಗುತ್ತಾರೆ. ಜಯನಗರದವರಿಗೆ ಪಾರ್ಕುಗಳಿವೆ, ಮಲ್ಲೇಶ್ವರದವರಿಗೆ ಸಂಗೀತ ಸಭೆಗಳಿವೆ, ನಮಗೆ ಲೇತುಗಳಿವೆ. ರಾಜಾಜಿನಗರ 1949ರಲ್ಲಿ ಹುಟ್ಟಿದ್ದೇ ಕೈಗಾರಿಕಾ ಉಪನಗರವಾಗಿ. ಆಗ ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರಿಯವರ ಹೆಸರನ್ನೇ ಅದಕ್ಕಿಟ್ಟರು. 1957ರಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆಯೂ ಬಂತು. ಗಾಳಿ ಒಂದು ಕಡೆಯಿಂದ ಬೀಸಿದರೆ ಗಂಧದ ಪರಿಮಳ, ಕಾಮಾಕ್ಷಿಪಾಳ್ಯದ ಕಡೆಯಿಂದ ಬೀಸಿದರೆ ಥಿನ್ನರ್ ವಾಸನೆ. ಎರಡರಲ್ಲಿ ನಿಮ್ಮ ಊರಿನ ವಾಸನೆ ಯಾವುದು ಎಂದು ಕೇಳಿದರೆ ಇಲ್ಲಿ ಹುಟ್ಟಿ ಬೆಳೆದವರು ಉತ್ತರ ಹೇಳಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಾರೆ.

ಬಸವೇಶ್ವರನಗರದಲ್ಲಿರುವ ನನ್ನ ಭಾವಮೈದುನನ ಹತ್ತಿರ ಎರಡು ಕಾರುಗಳಿವೆ. ಒಂದು, ಮನೆಮಂದಿಯೆಲ್ಲ ಕೂತು ಮದುವೆಗೆ, ಆಸ್ಪತ್ರೆಗೆ, ಯಡಿಯೂರಿಗೆ ಹೋಗಿಬರುವ ಕಾರು. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಇನ್ನೊಂದು ಕೆಂಪು ಬಣ್ಣದ ಸ್ಯಾನ್ ಸ್ಟಾರ್ಮ್. ಅದರ ಬಗ್ಗೆ ಬೇರೆ ಮಾತೇ ಇಲ್ಲ.

ಸ್ಯಾನ್ ಸ್ಟಾರ್ಮ್ ಗೊತ್ತಿಲ್ಲದವರು ಬಹಳ ಜನ. ಗೊತ್ತಿಲ್ಲದಿದ್ದರೆ ನಾಚಿಕೆಪಡಬೇಕಾದ್ದೇನೂ ಇಲ್ಲ. ಇಬ್ಬರೇ ಕೂರಬಹುದಾದ, ಮೇಲ್ಛಾವಣಿಯ ಬಟ್ಟೆಯನ್ನು ಹಿಂದಕ್ಕೆ ಮಡಚಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು. ಕಳೆದ ಶತಮಾನ ಮುಗಿಯುವ ಹೊತ್ತಿಗೆ ಗೋವಾದ ವೆರ್ಣಾದಲ್ಲಿ ತಯಾರಾಗಿ ರಸ್ತೆಗೆ ಬಂತು. ವಿನ್ಯಾಸ ಫ್ರೆಂಚರದು, ಎಂಜಿನ್ ರೆನೋ ಕಂಪನಿಯ 1149 ಸಿಸಿಯದು, ದುಡ್ಡು ಮತ್ತು ಧೈರ್ಯ ನಮ್ಮ ಬೆಂಗಳೂರಿನ ಸ್ಯಾನ್ ಸಮೂಹದ್ದು. ಆ ಸಮೂಹದ ಮೂಲ ಕಸುಬು ಕಾರ್ಖಾನೆ, ಗಣಿಗಳೊಳಗೆ ಓಡಾಡುವ ರೈಲು ಎಂಜಿನ್ ಮಾಡುವುದು. ರೈಲು ಎಂಜಿನ್ ಮಾಡುತ್ತಿದ್ದವರಿಗೆ ಇಬ್ಬರು ಕೂರುವ ಕಾರು ಮಾಡಬೇಕೆನಿಸಿದ್ದು ಹೇಗೆ ಎಂದು ನಾನು ಆಗಾಗ ಯೋಚಿಸುತ್ತೇನೆ. ಬಹುಶಃ ಸಾವಿರಾರು ಟನ್ ಎಳೆದು ಎಳೆದು ಬೇಸರವಾಗಿರಬೇಕು.

ಶಕ್ತಿ ಸುಮಾರು 60 ಅಶ್ವಗಳದು. ಈಗಿನ ಟ್ಯಾಕ್ಸಿಗಳೇ ಅದಕ್ಕಿಂತ ಜೋರು. ಆದರೆ ನೆಲಕ್ಕೆ ಅಷ್ಟು ಹತ್ತಿರ ಕೂತಾಗ ಗಂಟೆಗೆ 40 ಕಿಲೋಮೀಟರೂ ನೂರರಂತೆ ಭಾಸವಾಗುತ್ತದೆ. ಪಕ್ಕದಲ್ಲಿ ಬಿಎಂಟಿಸಿ ಬಸ್ಸು ಬಂದರೆ ಅದರ ಚಕ್ರ ನಮ್ಮ ಕಿವಿಯ ಮಟ್ಟಕ್ಕಿರುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಆಟೋದವರು ಮೇಲಿನಿಂದ ಬಗ್ಗಿ ನೋಡಿ ಎರಡೇ ಪ್ರಶ್ನೆ ಕೇಳುತ್ತಾರೆ: "ಯಾವ್ ಗಾಡಿ ಸಾರ್ ಇದು?" ಆಮೇಲೆ, "ಎಷ್ಟು ಕೊಡತ್ತೆ?" ಮೊದಲನೆಯದಕ್ಕೆ ಭಾವಮೈದುನ ವಿವರವಾಗಿ ಉತ್ತರಿಸುತ್ತಾನೆ. ಎರಡನೆಯದಕ್ಕೆ ಸಿಗ್ನಲ್ ಹಸಿರಾಗಲಿ ಎಂದು ಕಾಯುತ್ತಾನೆ.

ಈ ಕಾರಿನ ಮೈ ತಗಡಿನದಲ್ಲ, ಫೈಬರ್‌ನದು. ಬೆಂಗಳೂರಿಗೆ ಫೈಬರ್ ಕಾರಿನ ಹುಚ್ಚು ಹಳೆಯದು. ಸಿಪಾನಿಯವರು ಮೊದಲು ಮೂರು ಚಕ್ರದ ಬಾದಲ್ ಮಾಡಿದರು, 1980ರ ದಶಕದಲ್ಲಿ ಎರಡು ಬಾಗಿಲಿನ ಡಾಲ್ಫಿನ್ ಮಾಡಿದರು. ಹಗುರವಾಗಿದ್ದ ಡಾಲ್ಫಿನ್ ರ‍್ಯಾಲಿಗಳಲ್ಲಿ ಚೆನ್ನಾಗಿಯೇ ಓಡಿತು. ಫೈಬರ್ ಮೈಗೆ ತುಕ್ಕು ಹಿಡಿಯುವುದಿಲ್ಲ. ಅದು ಒಳ್ಳೆಯದೇ, ಆದರೆ ಅದರಿಂದ ಒಂದು ಫಜೀತಿಯಿದೆ. ಹಳೆಯ ಫಿಯೆಟ್, ಅಂಬಾಸಿಡರ್ ಇಟ್ಟುಕೊಂಡವರು ಬಾಗಿಲಿನ ಕೆಳಗಿನ ತುಕ್ಕು, ಡಿಕ್ಕಿಯ ತುಕ್ಕು, ಕಾಲಡಿಯ ತುಕ್ಕು ಎಂದು ಜನ್ಮವೆಲ್ಲ ತಿಕ್ಕುತ್ತಾ ಇರಬಹುದು. ಫೈಬರ್ ಕಾರಿನವನಿಗೆ ತಿಕ್ಕಲು ಗಾಲಿ ಬಿಟ್ಟರೆ ಬೇರೇನಿದೆ? ಇಪ್ಪತ್ತು ಚಿಲ್ಲರೆ ವರ್ಷದ ಮುಪ್ಪೆಲ್ಲ ಇಳಿದು ಬಂದು ಆ ನಾಲ್ಕು ಅಲಾಯ್ ಗಾಲಿಗಳಲ್ಲಿ ಕೂತಿತ್ತು.

ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ಎಂದು ಸ್ಕೂಲಿನಲ್ಲಿ ಓದಿದ ನೆನಪು. ಕೆಂಪು ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಮೇಲಿನ ಲ್ಯಾಕರ್ ಎಲ್ಲಾದರೂ ಒಂದು ಕಡೆ ಸೀಳಿದರೆ ಸಾಕು, ನೀರು ಒಳಗೆ ನುಸುಳಿ, ಆ ಪಾರದರ್ಶಕ ಪದರದ ಅಡಿಯಲ್ಲೇ ಬಿಳೀ ಗೆರೆಗಳು ಅಂಕುಡೊಂಕಾಗಿ ಬೆಳೆಯುತ್ತಾ ಹೋಗುತ್ತವೆ. ಬ್ಯಾಲೆನ್ಸಿಂಗ್‌ಗೆಂದು ಅಂಚಿಗೆ ಸೀಸದ ತೂಕ ಬಡಿದ ಕಡೆಯೆಲ್ಲ ಒಂದೊಂದು ಗಾಯ. ಬ್ರೇಕಿನಿಂದ ಹಾರುವ ಬಿಸಿ ಕಬ್ಬಿಣದ ಪುಡಿ ಬಂದು ಕೂತು ಕಚ್ಚಿಕೊಂಡ ಕಡೆಯೆಲ್ಲ ಕಂದು ಚುಕ್ಕೆ. ಇವು ಸಾಲದೆಂದು ಅಂಚಿನುದ್ದಕ್ಕೂ ಫುಟ್‌ಪಾತಿನ ಕಲ್ಲಿಗೆ ಉಜ್ಜಿದ ಗೀರು. ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ ಎಂದು ಅಲ್ಲಿ ಫಲಕ ಹಾಕಿದ್ದಾರೆ. ನಮ್ಮ ಫುಟ್‌ಪಾತಿನ ಅಂಚಿನ ಸೈಜುಗಲ್ಲುಗಳೂ ಅದರ ದಾಯಾದಿಗಳೇ. ಅಂಥ ಮನೆತನದ ಎದುರು ನಿನ್ನೆ ಮೊನ್ನೆಯ ಅಲ್ಯೂಮಿನಿಯಂ ಗೆಲ್ಲುವುದುಂಟೆ?

ಗಾಲಿಗೆ ಅಲ್ಯೂಮಿನಿಯಂ ಬಂದ ಕಥೆಯೂ ಅಷ್ಟೇನೂ ಶುಭವಾಗಿ ಶುರುವಾದದ್ದಲ್ಲ. ಮೊದಲು ಮರದ ಗಾಲಿ, ಆಮೇಲೆ ತಂತಿಕಡ್ಡಿಯ ಗಾಲಿ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕೆ ಹೋದವರು ಹಳೆಯ ಕಾರುಗಳ ಸಾಲಿನಲ್ಲಿ ಇವನ್ನು ನೋಡಿರುತ್ತಾರೆ. 1924ರಲ್ಲಿ ಎತ್ತೋರೆ ಬುಗಾಟಿ ಎಂಬ ಪುಣ್ಯಾತ್ಮ ತನ್ನ ಟೈಪ್ 35 ರೇಸ್ ಕಾರಿಗೆ ಎಂಟು ಚಪ್ಪಟೆ ಕಡ್ಡಿಗಳ ಎರಕದ ಅಲ್ಯೂಮಿನಿಯಂ ಗಾಲಿ ಹಾಕಿಸಿ ಫ್ರಾನ್ಸಿನ ಲಿಯೋನ್ ನಗರದ ರೇಸಿಗೆ ಐದು ಕಾರು ಒಯ್ದ. ಬ್ರೇಕಿನ ಡ್ರಮ್ಮೂ ಗಾಲಿಯ ಜೊತೆಗೇ ಎರಕ. ಗಾಲಿ ಬಿಚ್ಚಿದರೆ ಬ್ರೇಕು ಕೈಗೆ ಸಿಗುತ್ತಿತ್ತು. ಅಷ್ಟೆಲ್ಲ ತಲೆ ಓಡಿಸಿದ್ದರೂ ಅವತ್ತು ಟೈರುಗಳ ಮೇಲ್ಪದರವೇ ಕಿತ್ತುಕೊಂಡು ಹೋಗಿ ಮರ್ಯಾದೆ ಮಣ್ಣುಪಾಲಾಯಿತು. ಈ ಕಥೆ ಹೇಳಿದಾಗ ಭಾವಮೈದುನನ ಮುಖದಲ್ಲಿ ಸಮಾಧಾನ ಕಂಡಿತು. ದೊಡ್ಡವರಿಗೂ ಟೈರಿನ ಕಷ್ಟ ಇತ್ತಲ್ಲ ಎಂದು.

"ಭಾವ, ಒಂದು ಹತ್ತು ನಿಮಿಷ ಬರ್ತೀರಾ? ಕಾಮಾಕ್ಷಿಪಾಳ್ಯಕ್ಕೆ ಹೋಗಿ ಬಂದ್ಬಿಡೋಣ" ಎಂದ ಒಂದು ಶನಿವಾರ. ಬೆಂಗಳೂರಿನಲ್ಲಿ ಹತ್ತು ನಿಮಿಷ ಎಂದರೆ ಮಧ್ಯಾಹ್ನದ ಊಟಕ್ಕೆ ಕಾಯಬೇಡಿ ಎಂದು ಅರ್ಥ. ಟೈರ್ ಅಂಗಡಿಯಲ್ಲಿ ಟೈರು ಕಳಚಿಸಿ, ಬರೀ ಗಾಲಿಗಳನ್ನು ಯಾರೂ ಮಾತಾಡದ ಕಾರಿನ ಡಿಕ್ಕಿಯಲ್ಲಿ ಹಳೆಯ ಬೆಡ್‌ಶೀಟ್ ಹಾಸಿ ಮಲಗಿಸಿದ್ದ. ಸ್ಪೋರ್ಟ್ಸ್ ಕಾರು ಮನೆಯ ಮುಂದೆ ನಾಲ್ಕು ಸಿಮೆಂಟ್ ಇಟ್ಟಿಗೆಗಳ ಮೇಲೆ ಕೂತಿತ್ತು. ನಮ್ಮತ್ತೆ ಬಾಗಿಲಿಗೆ ಬಂದು, "ಕಲಾಯಿ ಹಾಕಿಸೋಕೆ ಹೊರಟ್ರಾ ಅಳಿಯಂದ್ರೇ?" ಎಂದರು. ಅವರ ಕಾಲದಲ್ಲಿ ಕಲಾಯಿಯವನು ಬೀದಿಯಲ್ಲೇ ಗುಂಡಿ ತೋಡಿ, ತಿದಿ ಊದಿ, ನವಸಾಗರದ ಹೊಗೆಯೆಬ್ಬಿಸಿ ಹಿತ್ತಾಳೆ ಪಾತ್ರೆಗೆ ತವರ ಸವರುತ್ತಿದ್ದ. ನಾನು ಹೌದು ಎಂದೆ. ಆ ಕ್ಷಣಕ್ಕೆ ಅದಕ್ಕಿಂತ ಸರಿಯಾದ ಉತ್ತರ ಹೊಳೆಯಲಿಲ್ಲ.

ಮಾಗಡಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ಕಾಮಾಕ್ಷಿಪಾಳ್ಯದ ಅಡ್ಡರಸ್ತೆಗಳು. ಒಂದು ಶೆಡ್ಡಿನಲ್ಲಿ ಡೈ ಕಾಸ್ಟಿಂಗ್, ಪಕ್ಕದಲ್ಲಿ ಬಫಿಂಗ್, ಎದುರಿಗೆ ಪ್ಲೇಟಿಂಗ್, ಮೂಲೆಯಲ್ಲಿ ಟೀ. ಬಫಿಂಗ್ ಶೆಡ್ಡಿನ ಹುಡುಗರನ್ನು ದೂರದಿಂದಲೇ ಗುರುತಿಸಬಹುದು: ಹುಬ್ಬಿನವರೆಗೆ ಕಪ್ಪು, ಮೂಗಿಗೆ ಸುತ್ತಿದ ಬಟ್ಟೆ ತೆಗೆದಾಗ ಅದರಡಿ ಮಾತ್ರ ಬೇರೆ ಮನುಷ್ಯ. ನಾವು ಹೋದದ್ದು ಪೌಡರ್ ಕೋಟಿಂಗ್ ಶೆಡ್ಡಿಗೆ. ಅಲ್ಲಿ ತೂಗುಹಾಕಿದ್ದ ಸಾಮಾನುಗಳ ಸಾಲು ನೋಡಿ ಭಾವಮೈದುನ ಸ್ವಲ್ಪ ಅಧೀರನಾದ. ಕಿಟಕಿ ಗ್ರಿಲ್ಲು, ಸ್ಕೂಲಿನ ಬೆಂಚಿನ ಕಾಲು, ಆಸ್ಪತ್ರೆಯ ಸಲೈನ್ ಸ್ಟ್ಯಾಂಡು, ಯಾರದೋ ಮನೆಯ ಗೇಟು, ಗೇಟಿನ ನಡುವೆ ತಗಡಿನಲ್ಲಿ ಕೊರೆದ ನವಿಲು. ಮಾಲೀಕರು ನಮ್ಮ ಗಾಲಿಯನ್ನು ಒಂದು ಕೈಯಲ್ಲಿ ಎತ್ತಿ ತಿರುಗಿಸಿ ನೋಡಿ, "ಗೇಟ್ ಆದ್ರೆ ಅಡಿ ಲೆಕ್ಕ. ಇದು ಪೀಸ್ ಲೆಕ್ಕ" ಎಂದು ಗೇಟಿನ ಪಕ್ಕಕ್ಕೇ ಒರಗಿಸಿದರು.

"ಇದು ಸ್ಪೋರ್ಟ್ಸ್ ಕಾರಿಂದು ಸಾರ್. ಬಹಳ ಕಡಿಮೆ ಗಾಡಿ ಇರೋದು" ಎಂದ ಇವನು.

"ಆಯ್ತು, ಗುರುವಾರ ಕೊಡ್ತೀನಿ" ಎಂದರು ಅವರು.

ಅಪರೂಪದ ವಸ್ತು ಎಂಬ ಮಾತಿಗೆ ಆ ಶೆಡ್ಡಿನಲ್ಲಿ ಕಾಸಿನ ಕಿಮ್ಮತ್ತಿರಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅಲ್ಲೇ. ಹೊಗಳಿಕೆಯಿಂದ ಗಾಲಿಯ ಮೇಲಿನ ಬಣ್ಣ ಏಳುವುದಿಲ್ಲ ಎಂದು ಅವರಿಗೆ ಗೊತ್ತು.

ಬಣ್ಣ ಎಬ್ಬಿಸಲು ಅವರ ಹತ್ತಿರ ಶೆಡ್ಡಿನ ಹಿಂದೆ ಒಂದು ತೊಟ್ಟಿಯಿತ್ತು. ಅದರಲ್ಲಿ ಬಿಸಿ ಕಾಸ್ಟಿಕ್ ಸೋಡ. ಹಳೆಯ ಗೇಟನ್ನು ಅದರಲ್ಲಿ ಇಳಿಬಿಟ್ಟರೆ ಸ್ವಲ್ಪ ಹೊತ್ತಿಗೆ ಬಣ್ಣವೆಲ್ಲ ಸುಕ್ಕಾಗಿ ಕಳಚಿಕೊಂಡು ಕಬ್ಬಿಣ ಬೆತ್ತಲಾಗುತ್ತದೆ. ಹೊಸದಾಗಿ ಸೇರಿದ್ದ ಹುಡುಗನೊಬ್ಬ ನಮ್ಮ ಗಾಲಿಯನ್ನೂ ಎತ್ತಿಕೊಂಡು ಅತ್ತ ಹೊರಟಿದ್ದ. "ಏ, ಏ! ಅದು ಅಲ್ಯೂಮಿನಿಯಂ ಕಣೋ, ತಿಂದ್ಹಾಕ್ಬಿಡತ್ತೆ!" ಎಂದು ಹಿರಿಯ ಕೆಲಸಗಾರರೊಬ್ಬರು ಕೂಗಿದರು. ಕಬ್ಬಿಣವನ್ನು ಮುಟ್ಟದ ಕಾಸ್ಟಿಕ್, ಅಲ್ಯೂಮಿನಿಯಂ ಕಂಡರೆ ಬುರಬುರನೆ ಹೈಡ್ರೋಜನ್ ಗುಳ್ಳೆ ಎಬ್ಬಿಸುತ್ತಾ ಲೋಹವನ್ನೇ ಕರಗಿಸುತ್ತದೆ. ಹಾಗೆಯೇ ಕೆಲವು ಕಡೆ ಹಳೆಯ ಕೋಟಿಂಗನ್ನು ಭಟ್ಟಿಯಲ್ಲಿಟ್ಟು ಸುಟ್ಟು ತೆಗೆಯುವುದುಂಟು. ಕಬ್ಬಿಣಕ್ಕೆ ಅದೂ ಸರಿ. ಅಲಾಯ್ ಗಾಲಿ ಗಟ್ಟಿಯಾಗಿರುವುದೇ ಬೆಂಕಿಯ ಹದದಿಂದ: ಸುಮಾರು 7 ಶೇಕಡಾ ಸಿಲಿಕಾನ್, ಚೂರು ಮೆಗ್ನೀಸಿಯಂ ಬೆರೆತ ಎರಕವನ್ನು 540 ಡಿಗ್ರಿಯ ಆಸುಪಾಸು ಕಾಯಿಸಿ, ನೀರಿಗದ್ದಿ, ಮತ್ತೆ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಪಳಗಿಸಿರುತ್ತಾರೆ. ಭಟ್ಟಿಗೆ ಹಾಕಿ ಸುಟ್ಟರೆ ಆ ಹದವೆಲ್ಲ ಹೋಗಿ ಗಾಲಿ ಮೆತ್ತಗಾಗುತ್ತದೆ. ನೋಡಲು ಏನೂ ತಿಳಿಯುವುದಿಲ್ಲ. ಮೊದಲ ದೊಡ್ಡ ಗುಂಡಿ ಸಿಕ್ಕಾಗ ತಿಳಿಯುತ್ತದೆ. ಬೆಂಗಳೂರಿನಲ್ಲಿ ಅದಕ್ಕೆ ಬಹಳ ದೂರ ಹೋಗಬೇಕಾಗಿಲ್ಲ.

ಹೀಗಾಗಿ ಉಳಿದದ್ದು ಪೇಂಟ್ ರಿಮೂವರ್. ಹಿರಿಯರು ಡಬ್ಬಿಯ ಮುಚ್ಚಳ ತೆಗೆದು ಸಿಂಬಳದಂಥ ದ್ರವವನ್ನು ಬ್ರಷ್ಷಿನಿಂದ ದಪ್ಪಗೆ ಬಳಿದು, ಮೇಲೆ ಪ್ಲಾಸ್ಟಿಕ್ ಹೊದಿಸಿದರು. ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡೇ ಬಳಿಯುತ್ತಿದ್ದರು. ಇಂಥ ಡಬ್ಬಿಗಳಲ್ಲಿ ಬಹುಕಾಲದಿಂದ ಇರುತ್ತಾ ಬಂದದ್ದು ಮೆಥಿಲೀನ್ ಕ್ಲೋರೈಡ್. ಗಾಳಿಯಾಡದ ಕಡೆ ಅದರ ಆವಿ ಕುಡಿದು ಪ್ರಾಣ ಬಿಟ್ಟವರಿದ್ದಾರೆ, ಮನೆಬಳಕೆಗೆ ಅದನ್ನು ಮಾರಕೂಡದೆಂದು ಅಮೆರಿಕದಲ್ಲಿ 2019ರಲ್ಲಿ ನಿಷೇಧವನ್ನೇ ತಂದರು. ಇಲ್ಲಿ ರಕ್ಷಣೆಗೆ ಇದ್ದದ್ದು ತೆರೆದ ಶಟರ್, ಪಶ್ಚಿಮದ ಗಾಳಿ. ನಾನು ಶಟರಿನ ಆಚೆ ನಿಂತೇ ಕುತೂಹಲ ತೀರಿಸಿಕೊಂಡೆ.

ಕಾಲು ಗಂಟೆಗೆ ಪ್ಲಾಸ್ಟಿಕ್ ಎತ್ತಿದಾಗ ಗಾಲಿಯ ಮೇಲೆ ಸಣ್ಣ ಸಣ್ಣ ಬೊಕ್ಕೆಗಳೆದ್ದು, ಬಣ್ಣ ಗೀರು ಗೀರಾಗಿ ಸುರುಳಿಬಿದ್ದಿತ್ತು. ಅವರು ಮರದ ಚಕ್ಕೆಯಿಂದ ಕೆರೆದರು. ಕಬ್ಬಿಣದ ಪಟ್ಟಿಯಿಂದ ಕೆರೆದರೆ ಗಾಯವಾಗುತ್ತದೆ. ಮೇಲೆ ಬೆಳ್ಳಿಬಣ್ಣ. ಅದರಡಿಯಲ್ಲಿ ಕಪ್ಪು. ಕಪ್ಪಿನ ಅಡಿಯಲ್ಲಿ ಢಾಳಾದ ಬಂಗಾರದ ಬಣ್ಣ! ಅದರಡಿಯಲ್ಲಿ ಮತ್ತೆ ಬೆಳ್ಳಿ, ಮೂಲದ್ದು. ಭಾವಮೈದುನ ಈ ಕಾರಿನ ಎಷ್ಟನೆಯ ಯಜಮಾನನೋ ಕಾಗದದಲ್ಲಿದೆ. ಹಿಂದಿನವರ ಅಭಿರುಚಿ ಮಾತ್ರ ಈಗ ಕಣ್ಣಿಗೆ ಬಿತ್ತು. ಬಂಗಾರದ ಗಾಲಿಯಲ್ಲಿ ತಿರುಗಿದ ಆ ಮಹಾನುಭಾವ ಯಾರಿರಬಹುದು ಎಂದು ನಾವಿಬ್ಬರೂ ಟೀ ಕುಡಿಯುತ್ತಾ ಊಹಿಸಿದೆವು. ಚಿನ್ನದಂಗಡಿಯವರೆಂದು ಅವನು, ಸಿನಿಮಾದವರೆಂದು ನಾನು. ಕಪ್ಪು ಬಳಿಸಿದವನ ಬಗ್ಗೆ ಊಹಿಸುವ ಗೋಜಿಗೇ ಹೋಗಲಿಲ್ಲ. ಗಾಲಿಗೆ ಕಪ್ಪು ಬಳಿಯುವುದು ಈಗಿನ ಖಯಾಲಿ. ಟೈರೂ ಕಪ್ಪು, ಗಾಲಿಯೂ ಕಪ್ಪು, ಕಾರು ನಿಂತಿರುವುದು ಯಾವುದರ ಮೇಲೆ ಎಂದೇ ಗೊತ್ತಾಗುವುದಿಲ್ಲ. ಅಷ್ಟು ಚಂದದ ಕಡ್ಡಿಗಳನ್ನು ಎರಕ ಹೊಯ್ದವರು ಅವು ಕಾಣಲಿ ಎಂದೇ ಹೊಯ್ದಿರುತ್ತಾರೆ ಎಂಬುದು ನನ್ನ ವಾದ. ಭಾವಮೈದುನನಿಗೆ ಒಳಗೊಳಗೇ ಬಂಗಾರದ ಕಡೆ ಒಲವಿದ್ದಂತೆ ನನಗೆ ಅನುಮಾನ.

ರಿಮೂವರ್ ಬಿಟ್ಟ ಸಂದಿಗೊಂದಿಗೆ ಬ್ಲಾಸ್ಟಿಂಗ್. ಗಾಳಿಯ ರಭಸದಲ್ಲಿ ಮರಳು ಹೊಡೆದರೆ ಅಲ್ಯೂಮಿನಿಯಂ ಒರಟಾಗುತ್ತದೆ, ಹೊಡೆಯುವವನ ಶ್ವಾಸಕೋಶಕ್ಕೂ ಮರಳಿನ ಧೂಳು ಹೊಕ್ಕು ಸಿಲಿಕೋಸಿಸ್ ಬರುತ್ತದೆ. ಅದಕ್ಕೆ ಸಣ್ಣ ಗಾಜಿನ ಮಣಿಗಳು. ಆ ಪೆಟ್ಟಿಗೆಯಿಂದ ಹೊರಬಂದ ಗಾಲಿ ಮಂಜು ಬಿದ್ದಂತೆ ಮಾಸಲು ಬಿಳುಪಾಗಿತ್ತು. ಅಂಚಿನಲ್ಲಿ ಕಲ್ಲು ಕಿತ್ತುಕೊಂಡಿದ್ದ ಕಡೆ ಆರ್ಗಾನ್ ವೆಲ್ಡಿಂಗ್ ಮಾಡಿಸಿ ತುಂಬಿಸಿ, ಲೇತಿಗೆ ಕಟ್ಟಿ ಹದಮಾಡಿಸಿದ್ದಾಯಿತು. ಅದು ಪಕ್ಕದ ಶೆಡ್ಡಿನವರ ಕೆಲಸ. ಕಡ್ಡಿಗಳ ಬುಡದಲ್ಲೇನಾದರೂ ಬಿರುಕಿದ್ದಿದ್ದರೆ ವೆಲ್ಡಿಂಗ್ ಮಾಡುವುದಿಲ್ಲ, ಗುಜರಿಗೇ ಹಾಕಿ ಎಂದು ಅವರು ಮೊದಲೇ ಹೇಳಿದ್ದರು. ಹಣ ಬೇಡವೆನ್ನುವ ಕೆಲಸಗಾರನನ್ನು ನಂಬಬಹುದು.

ಇನ್ನು ಪೌಡರ್. ಬಣ್ಣದ ಹಿಟ್ಟಿಗೆ ವಿದ್ಯುದಾವೇಶ ಕೊಟ್ಟು ಗನ್ನಿನಿಂದ ಊದುತ್ತಾರೆ. ಅರ್ತ್ ಮಾಡಿದ ಲೋಹ ಅದನ್ನು ಎಳೆದುಕೊಳ್ಳುತ್ತದೆ, ಗನ್ನು ಮುಂದಿದ್ದರೂ ಹಿಟ್ಟು ಸುತ್ತಿ ಬಂದು ಬೆನ್ನಿಗೂ ಕೂರುತ್ತದೆ. ಆಮೇಲೆ 200 ಡಿಗ್ರಿಯ ಓವನ್ನಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹಿಟ್ಟು ಕರಗಿ, ಹರಿದು, ಗಾಜಿನ ಹಾಗೆ ಬಿಗಿಯುತ್ತದೆ. ಹಿರಿಯರು ಹಿಟ್ಟು ಊದುವ ಮೊದಲೇ ಬರೀ ಗಾಲಿಗಳನ್ನು ಓವನ್ನಿಗೆ ಇಟ್ಟದ್ದು ನೋಡಿ ಯಾಕೆಂದು ಕೇಳಿದೆ. "ಎರಕ ಅಲ್ವಾ ಸಾರ್. ಒಳಗೆ ಗಾಳಿ, ಎಣ್ಣೆ ಕೂತಿರತ್ತೆ. ಈಗ್ಲೇ ಬೆವರಿಸ್ಬಿಡ್ಬೇಕು. ಇಲ್ದಿದ್ರೆ ಕೋಟಿಂಗ್ ಮೇಲೆ ಗುಳ್ಳೆ ಬರತ್ತೆ." ನಿಜವಾಗಿಯೂ ಎರಡು ಕಡೆ ಎಣ್ಣೆ ಜಿನುಗಿತ್ತು.

ಅದಕ್ಕಿಂತ ನಾನು ಮೆಚ್ಚಿದ್ದು ಬೇರೆ. ಬೋಲ್ಟು ಕೂರುವ ಗುಳಿಗಳಿಗೂ, ಗಾಲಿಯ ಬೆನ್ನು ಹಬ್ಬಿಗೆ ತಾಗುವ ಜಾಗಕ್ಕೂ ಅವರು ಶಾಖ ತಡೆಯುವ ಟೇಪನ್ನು ದುಂಡಗೆ ಕತ್ತರಿಸಿ ಅಂಟಿಸಿದರು. ಅಲ್ಲಿ ಕೋಟಿಂಗ್ ಕೂತರೆ ಬೋಲ್ಟಿನ ಒತ್ತಡಕ್ಕೆ ದಿನ ಕಳೆದಂತೆ ಜಜ್ಜಿ ತೆಳುವಾಗುತ್ತದೆ, ಬೋಲ್ಟು ಸಡಿಲವಾಗುತ್ತದೆ. ಗಾಲಿ ಕಾರಿಗಿಂತ ಮುಂದೆ ಹೋಗುವ ಸಂಭವವಿದೆ. ಗಾಲಿ ಕೂರಿಸಿದ ಮೇಲೆ ಯಾರ ಕಣ್ಣಿಗೂ ಬೀಳದ ಜಾಗ ಅದು. ಬೆನ್ನ ಹಿಂದಿದ್ದ ಗೇಟಿನ ನವಿಲಿಗೂ ಅವರು ಅಷ್ಟೇ ನಿಧಾನವಾಗಿ ಗನ್ನು ಹಿಡಿದದ್ದನ್ನು ಆಮೇಲೆ ನೋಡಿದೆ, ಒಂದೊಂದು ಗರಿಯ ಸಂದಿಗೂ. ನಮ್ಮ ಪುರವಣಿಗಳಲ್ಲಿ ಹಳೆಯ ಕಾರುಗಳ ಬಗ್ಗೆ ಬರೆಯುವವರು ಮಾಲೀಕರ ಪ್ರೀತಿಯ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಮಾಲೀಕರ ಪ್ರೀತಿ ಶನಿವಾರ, ಭಾನುವಾರದ್ದು. ಕಾರು ಉಳಿದಿರುವುದು ಸೋಮವಾರದಿಂದ ಶುಕ್ರವಾರದವರೆಗೆ ಗೇಟುಗಳಿಗೆ ಬಣ್ಣ ಹೊಡೆಯುವವರ ಕೈಯಿಂದ.

ಗುರುವಾರವೆಂದರೆ ಅದರ ಮುಂದಿನ ಗುರುವಾರ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ನಾಲ್ಕೂ ಗಾಲಿ ಬೆಳ್ಳಿಬಣ್ಣದಲ್ಲಿ ಹೊಳೆಯುತ್ತಾ ಬಂದವು. ಟೈರು ಕೂರಿಸಿ, ಬ್ಯಾಲೆನ್ಸಿಂಗಿಗೆ ಸೀಸದ ಕ್ಲಿಪ್ಪು ಬಡಿಯಲು ಸುತ್ತಿಗೆ ಎತ್ತಿದವನ ಕೈ ಹಿಡಿದು ನಿಲ್ಲಿಸಿ, ಒಳಮೈಗೆ ಅಂಟಿಸುವ ತೂಕ ಹಾಕಿಸಿದ್ದಾಯಿತು. ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮತ್ತೆ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಗಾಲಿಯ ಕಡೆ ಬಗ್ಗಿದಾಗ ಮಗ, "ಅಮ್ಮಾ, ಗ್ಲಾಸಿಗೆ ಇಡಮ್ಮ, ಗಾಲಿಗೆ ಬೇಡ" ಎಂದು ಅಂಗಲಾಚಿದ. "ಓಡೋದು ಗಾಲಿಯೋ ಗ್ಲಾಸೋ?" ಎಂದು ಕೇಳಿ ಅವರು ನಾಲ್ಕಕ್ಕೂ ಧಾರಾಳವಾಗಿ ಇಟ್ಟರು. ನಿಂಬೆಹಣ್ಣು ಮಾತ್ರ ರಸ ಸಿಡಿಯದ ಹಾಗೆ ಬಹಳ ಮೆಲ್ಲಗೆ ಅಪ್ಪಚ್ಚಿಯಾಯಿತು. ಬೂದುಗುಂಬಳ ಒಡೆದದ್ದು ಪಕ್ಕದ ಮನೆಯ ಗೇಟಿನ ಮುಂದೆ. ಅದಕ್ಕೆ ಅವರಿಗೆ ಎರಡು ಹೋಳು ಹೆಚ್ಚಿಗೆ ಸಿಹಿ ಕೊಡಬೇಕಾಯಿತು.

ಹೊಸದಾಗಿ ಕೂರಿಸಿದ ಗಾಲಿಯ ಬೋಲ್ಟುಗಳನ್ನು ಒಂದಷ್ಟು ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಬೇಕು. ಆ ನೆಪದಲ್ಲಿ ಒಂದು ಬೆಳಿಗ್ಗೆ ವಿಜಯನಗರ ದಾಟಿ ಮೈಸೂರು ರಸ್ತೆ ಹಿಡಿದು ಕೆಂಗೇರಿ ಕಡೆ ಹೊರಟೆವು. ಬಟ್ಟೆಯ ಛಾವಣಿ ಮಡಚಿತ್ತು. ಪಕ್ಕದಲ್ಲೇ ವೃಷಭಾವತಿ. ಪೀಣ್ಯ, ರಾಜಾಜಿನಗರ, ಕಾಮಾಕ್ಷಿಪಾಳ್ಯ ಕಡೆಯ ತೊಳೆದ ನೀರೆಲ್ಲ ದಶಕಗಳಿಂದ ಸೇರುತ್ತಾ ಬಂದಿರುವ ಹೊಳೆ ಅದು. ಇಲ್ಲಿಂದ ಬೈರಮಂಗಲದ ಕೆರೆಗೆ ಹೋಗುತ್ತದೆ. ಛಾವಣಿ ಇಲ್ಲದ ಕಾರಿನಲ್ಲಿ ಅದರ ಪಕ್ಕ ಹೋದವರಿಗೆ ನಮ್ಮ ಹೊಳಪಿನ ಲೆಕ್ಕ ಎಲ್ಲಿ ಬರೆದಿಟ್ಟಿದೆ ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ. ನಮ್ಮ ನಾಲ್ಕು ಗಾಲಿಗಳಿಂದ ಕೆರೆದ ಬಂಗಾರದ ಬಣ್ಣವೂ ಎಲ್ಲಿಗಾದರೂ ಹೋಗಲೇಬೇಕಲ್ಲ. ಭಾವಮೈದುನ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಗೇರು ಬದಲಿಸಿದ.

ಕೆಂಗೇರಿಯಲ್ಲಿ ದರ್ಶಿನಿಯೊಂದರ ಮುಂದೆ ನಿಲ್ಲಿಸಿ ಅವನು ಸ್ಪ್ಯಾನರ್ ತೆಗೆದ. ಸುತ್ತ ಜನ ಸೇರಿದರು. ಒಂದೊಂದೇ ಬೋಲ್ಟು ಬಿಗಿ ನೋಡುತ್ತಾ ಹೋದ. ಹಿಂದಿನ ಎಡಗಾಲಿಯದೊಂದು ಮಾತ್ರ ಕೂದಲೆಳೆಯಷ್ಟು ತಿರುಗಿತು, ಉಳಿದವು ಅಲುಗಲಿಲ್ಲ. ಅವನು ಎದ್ದು, ಎರಡು ಹೆಜ್ಜೆ ಹಿಂದೆ ಸರಿದು ಗಾಲಿಯನ್ನೇ ನೋಡಿದ. ನಾನು ಕಾಫಿಯ ಟೋಕನ್ ತರಲು ಹೊರಟಿದ್ದೆ.

"ಭಾವ, ಗಾಲಿ ಇಷ್ಟು ಚೆನ್ನಾಗಾಗಿದ್ದೇ ತಪ್ಪಾಯ್ತು ನೋಡಿ. ಕಡ್ಡಿ ಸಂದಿಯಲ್ಲಿ ಬ್ರೇಕಿನ ತುಕ್ಕು ಕಾಣ್ತಾ ಇದೆ. ಹೆಡ್‌ಲೈಟೂ ಹಳದಿ ತಿರುಗಿದೆ ಅಲ್ವಾ?"

"ಕಾಫಿಗೆ ಸಕ್ಕರೆ ಎಷ್ಟು?" ಎಂದೆ ನಾನು.